ಸ್ಟಿಯರಿಂಗ್ ತಿರುಗಿಸಿದರೆ ಎಂಜಿನ್ ಏಕೆ ನಿಲ್ಲುತ್ತದೆ?

ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಆಚೆ ಬದಿಗೆ ಜಿನನಾಥಪುರವಿದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿಂದ ಹೆಸರಾದ ಚಿಕ್ಕ ಊರು. ಗೊಮ್ಮಟನ ದರ್ಶನಕ್ಕೆ ಬಂದವರಲ್ಲಿ ಶಿಲ್ಪಕಲೆಯ ಆಸಕ್ತಿ ಇರುವವರು ಇಲ್ಲಿಗೂ ಬಂದು ಹೋಗುತ್ತಾರೆ. ಚನ್ನರಾಯಪಟ್ಟಣದಿಂದ ಬೆಳಗೊಳದ ತನಕ ಯಾವ ಕಾರಾದರೂ ಸರಾಗವಾಗಿ ಓಡಿ ಬರುತ್ತದೆ. ಆದರೆ ಇಂಥ ಹಳ್ಳಿಯ ಬೀದಿಯಲ್ಲಿ ಹಿಂದೆ ಮುಂದೆ ಮಾಡಿ ಗಾಡಿಯನ್ನು ತಿರುಗಿಸಿಕೊಳ್ಳಬೇಕಾದಾಗ ಕೆಲವು ಹಳೆಯ ಕಾರುಗಳ ಒಳಗುಟ್ಟು ಹೊರಬೀಳುತ್ತದೆ. ಚಾಲಕ ಸ್ಟಿಯರಿಂಗ್ ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸುತ್ತಿದ್ದಂತೆ ಎಂಜಿನ್ ಒಮ್ಮೆ ನಡುಗಿ ನಿಂತುಬಿಡುತ್ತದೆ. ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುತ್ತದೆ. ರಸ್ತೆಗೆ ಬಿದ್ದ ಮೇಲೆ ತೊಂದರೆಯೇ ಇಲ್ಲ.

ಇದನ್ನು ಗ್ಯಾರೇಜಿನಲ್ಲಿ ಹೇಳಿದರೆ ಒಬ್ಬರು ಪೆಟ್ರೋಲ್ ಪಂಪಿನ ಮೇಲೆ ಅನುಮಾನ ಪಡುತ್ತಾರೆ, ಇನ್ನೊಬ್ಬರು ಪ್ಲಗ್ ಬದಲಾಯಿಸಿ ಎನ್ನುತ್ತಾರೆ, ಮತ್ತೊಬ್ಬರು ಸ್ಟಿಯರಿಂಗ್ ಪಂಪೇ ಹೋಗಿದೆ ಎಂದು ತೀರ್ಪು ಕೊಡುತ್ತಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಎಂಜಿನ್ ತಿರುವಿನಲ್ಲಿ ನಿಲ್ಲುವುದು ತಪ್ಪದೇ ಇರಬಹುದು. ಏಕೆಂದರೆ ಅನೇಕ ಸಲ ದೋಷವಿರುವುದು ಹೆಬ್ಬೆರಳಿನ ಗಾತ್ರದ ಒಂದು ಬಿಡಿಭಾಗದಲ್ಲಿ. ಅದರ ಹೆಸರು ಪವರ್ ಸ್ಟಿಯರಿಂಗ್ ಪ್ರೆಷರ್ ಸ್ವಿಚ್.

ಹಣದ ಮಾತು ಹಾಗಿರಲಿ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ನಿಧಾನಿಸಿ ಬಲಕ್ಕೆ ತಿರುಗುವಾಗ ಎದುರಿಗೆ ಲಾರಿ ಬರುತ್ತಿದ್ದು, ಅದೇ ಹೊತ್ತಿಗೆ ಎಂಜಿನ್ ನಿಂತರೆ ಏನಾದೀತು? ಎಂಜಿನ್ ನಿಂತ ಕ್ಷಣವೇ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಒಂದೆರಡು ಬಾರಿ ತುಳಿದ ಮೇಲೆ ಬ್ರೇಕಿಗೆ ಸಿಗುವ ನೆರವೂ ಮುಗಿಯುತ್ತದೆ. ಆದ್ದರಿಂದ ಈ ಪುಟ್ಟ ಸ್ವಿಚ್ಚಿನ ವಿಚಾರ ಕಾರು ಇಟ್ಟುಕೊಂಡವರೆಲ್ಲರೂ ತಿಳಿದಿರಬೇಕಾದದ್ದು. ವಿಜ್ಞಾನ ಓದುವ ವಿದ್ಯಾರ್ಥಿಗಳಿಗಂತೂ ಇದು ಪಠ್ಯಪುಸ್ತಕದ ಎರಡು ಮೂರು ಪಾಠಗಳನ್ನು ಒಂದೇ ಕಡೆ ಕೆಲಸ ಮಾಡುತ್ತಿರುವಂತೆ ತೋರಿಸಬಲ್ಲದು.

ಪಾಸ್ಕಲನ ನಿಯಮ ಬಾನೆಟ್ಟಿನ ಕೆಳಗೆ

ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಓಡಿಸಿದವರಿಗೆ ನಿಂತ ಗಾಡಿಯ ಚಕ್ರ ತಿರುಗಿಸುವುದು ಎಷ್ಟು ಶ್ರಮದ ಕೆಲಸವೆಂದು ಗೊತ್ತು. ಈ ಶ್ರಮವನ್ನು ತಗ್ಗಿಸುವ ಪ್ರಯತ್ನ ಬಹಳ ಹಿಂದೆಯೇ ನಡೆದಿತ್ತು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗನ್ನು ಒಂದು ಕಾರಿಗೆ ಅಳವಡಿಸಿ ತೋರಿಸಿದ. ಸಾಮಾನ್ಯ ಗ್ರಾಹಕರು ಕೊಳ್ಳುವ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ. ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಈ ಸೌಲಭ್ಯ ಮುಟ್ಟಿದ್ದು 1990ರ ದಶಕದ ಕೊನೆಗೆ ಮತ್ತು ಆಮೇಲೆ.

ಇದರ ತಳಹದಿ ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಬಲವೆಂದರೆ ಒತ್ತಡ ಮತ್ತು ವಿಸ್ತೀರ್ಣಗಳ ಗುಣಲಬ್ಧ. ಕಾರಿನ ಎಂಜಿನ್ ಒಂದು ಬೆಲ್ಟಿನ ಮೂಲಕ ಚಿಕ್ಕ ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಲ್ಲಿರುವ ಸ್ಟಿಯರಿಂಗ್ ಆಯಿಲನ್ನು ಎಳೆದು, ದಪ್ಪ ಕೊಳವೆಯ ಮೂಲಕ ಸ್ಟಿಯರಿಂಗ್ ರ‍್ಯಾಕಿಗೆ ದೂಡುತ್ತದೆ. ಕಾರು ನೇರವಾಗಿ ಹೋಗುತ್ತಿರುವಾಗ ಎಣ್ಣೆ ಅಲ್ಲಿಂದ ಸಲೀಸಾಗಿ ಡಬ್ಬಿಗೆ ಮರಳುತ್ತದೆ. ಆಗ ಒತ್ತಡ ಕಡಿಮೆ. ಚಾಲಕ ಚಕ್ರ ತಿರುಗಿಸಿದಾಗ ರ‍್ಯಾಕಿನ ಕವಾಟ ಎಣ್ಣೆಯ ಹಿಂದಿರುಗುವ ದಾರಿಯನ್ನು ಕಿರಿದು ಮಾಡಿ, ಪಿಸ್ಟನ್ನಿನ ಒಂದು ಪಕ್ಕಕ್ಕೆ ಅದನ್ನು ಹರಿಸುತ್ತದೆ. ಒತ್ತಡ ಏರುತ್ತದೆ, ಪಿಸ್ಟನ್ ಸರಿಯುತ್ತದೆ, ಅದರೊಂದಿಗೆ ಗಾಲಿಗಳೂ ತಿರುಗುತ್ತವೆ.

ಒಂದು ಲೆಕ್ಕ ನೋಡಿ. ಒತ್ತಡ ಒಂದು ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ, ಪಿಸ್ಟನ್ನಿನ ವಿಸ್ತೀರ್ಣ 8 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಸಿಗುವ ಬಲ 400 ಕಿಲೋಗ್ರಾಂ ತೂಕಕ್ಕೆ ಸಮ! ಎರಡು ಬೆರಳಿನಿಂದ ಸ್ಟಿಯರಿಂಗ್ ತಿರುಗಿಸುವವರ ಕೈಗೆ ಹೊರಗಿನಿಂದ ಸಿಗುವ ಸಹಾಯ ಇದು.

ಈ ಸಹಾಯ ಪುಕ್ಕಟೆಯೇ?

ಶಕ್ತಿ ಸಂರಕ್ಷಣೆಯ ನಿಯಮದ ಪ್ರಕಾರ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಎಣ್ಣೆಯನ್ನು ಒತ್ತಡದಲ್ಲಿ ದೂಡಲು ಬೇಕಾದ ಶಕ್ತಿಯನ್ನು ಎಂಜಿನ್ನೇ ಕೊಡಬೇಕು. ಮೇಲಿನ ಒತ್ತಡದಲ್ಲಿ ಪಂಪು ನಿಮಿಷಕ್ಕೆ 5 ಲೀಟರ್ ಎಣ್ಣೆ ದೂಡುತ್ತದೆ ಎಂದುಕೊಂಡರೆ, ಒತ್ತಡ ಮತ್ತು ಹರಿವಿನ ದರವನ್ನು ಗುಣಿಸಿದಾಗ ಸುಮಾರು 410 ವ್ಯಾಟ್ ಬರುತ್ತದೆ. ಅಂದರೆ ಅರ್ಧ ಅಶ್ವಶಕ್ತಿಗಿಂತ ಹೆಚ್ಚು. ಪಂಪಿನೊಳಗಿನ ನಷ್ಟವನ್ನು ಸೇರಿಸಿದರೆ ಇನ್ನೂ ಜಾಸ್ತಿ.

ಹೆದ್ದಾರಿಯಲ್ಲಿ ಓಡುವ ಎಂಜಿನ್ನಿಗೆ ಇದು ಲೆಕ್ಕಕ್ಕೇ ಇಲ್ಲದ ಹೊರೆ. ಆದರೆ ಐಡ್ಲಿಂಗಿನಲ್ಲಿರುವ ಎಂಜಿನ್ನಿನ ಕತೆ ಬೇರೆ. ಆಗ ಅದು ನಿಮಿಷಕ್ಕೆ ಸುಮಾರು 750ರಿಂದ 850 ಸುತ್ತು ತಿರುಗುತ್ತಾ, ತನ್ನನ್ನು ತಾನು ನಡೆಸಿಕೊಳ್ಳಲು ಬೇಕಾದಷ್ಟೇ ಪೆಟ್ರೋಲ್ ಉರಿಸುತ್ತಿರುತ್ತದೆ. ಹೊತ್ತ ಹೊರೆಯೇ ಸಾಕಾಗಿರುವವನ ತಲೆಯ ಮೇಲೆ ಇನ್ನೊಂದು ಮೂಟೆ ಇಟ್ಟಂತೆ ಪಂಪಿನ ಹೊರೆ ಅದರ ಮೇಲೆ ಬೀಳುತ್ತದೆ. ಸುತ್ತುಗಳು ಇಳಿಯುತ್ತವೆ, ಎಂಜಿನ್ ನಡುಗುತ್ತದೆ, ಕೊನೆಗೆ ನಿಲ್ಲುತ್ತದೆ.

ಹಾಗಾಗದಂತೆ ತಡೆಯಲೆಂದೇ ಈ ಸ್ವಿಚ್ಚನ್ನು ಇಟ್ಟಿರುತ್ತಾರೆ. ಪಂಪಿನ ಮೇಲೋ, ಅದರಿಂದ ಹೊರಡುವ ಅಧಿಕ ಒತ್ತಡದ ಕೊಳವೆಯ ಮೇಲೋ ಇದು ಕೂತಿರುತ್ತದೆ. ಎಣ್ಣೆಯ ಒತ್ತಡ ಗೊತ್ತುಪಡಿಸಿದ ಮಟ್ಟ ಮುಟ್ಟಿದೊಡನೆ ಒಳಗಿನ ಪೊರೆ ಸರಿದು ವಿದ್ಯುತ್ ಸಂಪರ್ಕ ಬದಲಾಗುತ್ತದೆ. ಈ ಸುದ್ದಿ ತಂತಿಯ ಮೂಲಕ ಕಾರಿನ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ, ಅಂದರೆ ಇಸಿಯುಗೆ ಹೋಗುತ್ತದೆ. ಇಸಿಯು ಕೂಡಲೇ ಐಡ್ಲಿಂಗ್ ಕವಾಟವನ್ನು ಇನ್ನಷ್ಟು ತೆರೆದು ಗಾಳಿಯನ್ನೂ ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ಸ್ವಿಚ್ ಕೆಟ್ಟಾಗ ಮಾತ್ರ ಅದೊಂದು ಇತ್ತೆಂಬುದು ತಿಳಿಯುತ್ತದೆ.

ಸುದ್ದಿಗಾರನ ತಪ್ಪು ಯಾವುದು?

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಸ್ವಿಚ್ ಕೇವಲ ಸುದ್ದಿಗಾರ. ಅದು ಒತ್ತಡವನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ಎಂಜಿನ್ ನಡೆಯುತ್ತಿದ್ದರೂ ಸ್ಟಿಯರಿಂಗ್ ಗಟ್ಟಿಯಾಗಿದೆ ಎಂದರೆ ತಪ್ಪು ಸ್ವಿಚ್ಚಿನದಲ್ಲ. ಆಗ ನೋಡಬೇಕಾದದ್ದು ಎಣ್ಣೆಯ ಮಟ್ಟ, ಬೆಲ್ಟು, ಪಂಪು ಮತ್ತು ರ‍್ಯಾಕು. ಸ್ಟಿಯರಿಂಗ್ ಹಗುರವಾಗಿಯೇ ತಿರುಗುತ್ತಿದ್ದು, ತಿರುಗಿಸಿದಾಗ ಮಾತ್ರ ಎಂಜಿನ್ ಕುಗ್ಗುತ್ತಿದ್ದರೆ ಅನುಮಾನ ಸ್ವಿಚ್ಚಿನ ಕಡೆಗೆ ಹೊರಳಬೇಕು. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯ ಪಂಪನ್ನು ಬಿಚ್ಚಿ ಹೊಸದನ್ನು ಹಾಕಿಸುವ ವೆಚ್ಚ ತಪ್ಪುತ್ತದೆ.

ಸ್ವಿಚ್ಚುಗಳಲ್ಲಿ ಎರಡು ಜಾತಿಯಿವೆ. ಕೆಲವು ಮಾಮೂಲಿಯಾಗಿ ತೆರೆದಿದ್ದು ಒತ್ತಡ ಏರಿದಾಗ ಸಂಪರ್ಕ ಕೂಡಿಸುತ್ತವೆ. ಇನ್ನು ಕೆಲವು ಮಾಮೂಲಿಯಾಗಿ ಕೂಡಿದ್ದು ಒತ್ತಡ ಏರಿದಾಗ ಬಿಡಿಸುತ್ತವೆ. ಒಂದೇ ದೋಷ ಇವೆರಡರಲ್ಲಿ ಬೇರೆ ಬೇರೆ ಲಕ್ಷಣ ತೋರಿಸುತ್ತದೆ. ತಂತಿ ಕಡಿದುಹೋಯಿತು ಎನ್ನಿ. ಮೊದಲನೆಯ ಜಾತಿಯಲ್ಲಿ ಇಸಿಯುಗೆ ಸುದ್ದಿಯೇ ಮುಟ್ಟದೆ ತಿರುವಿನಲ್ಲಿ ಎಂಜಿನ್ ನಿಲ್ಲುತ್ತದೆ. ಎರಡನೆಯ ಜಾತಿಯಲ್ಲಿ ಸದಾ ಒತ್ತಡವಿದೆ ಎಂದು ಇಸಿಯು ಭಾವಿಸಿ ಐಡ್ಲಿಂಗ್ ಯಾವಾಗಲೂ ಏರಿಯೇ ಇರುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಕಾರಿನಲ್ಲಿ ಯಾವ ಜಾತಿಯ ಸ್ವಿಚ್ ಇದೆ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಂಡೇ ಪರೀಕ್ಷೆಗೆ ಇಳಿಯಬೇಕು.

ಹಂತ ಹಂತವಾಗಿ ಪರೀಕ್ಷೆ

ವೈದ್ಯರು ರೋಗಿಯನ್ನು ನೋಡಿದೊಡನೆ ಶಸ್ತ್ರಚಿಕಿತ್ಸೆಗೆ ಕೈ ಹಾಕುವುದಿಲ್ಲ. ನಾಡಿ ಹಿಡಿದು, ನಾಲಗೆ ನೋಡಿ, ಪ್ರಶ್ನೆ ಕೇಳುತ್ತಾರೆ. ಕಾರಿಗೂ ಅದೇ ಕ್ರಮ.

ಮೊದಲು ಕಣ್ಣಿನ ಪರೀಕ್ಷೆ. ಡಬ್ಬಿಯಲ್ಲಿ ಎಣ್ಣೆ ಗುರುತಿನವರೆಗೆ ಇದೆಯೇ? ಕಪ್ಪಾಗಿದೆಯೇ, ನೊರೆ ಬಂದಿದೆಯೇ? ಬೆಲ್ಟ್ ಸಡಿಲವಾಗಿದೆಯೇ? ಸ್ವಿಚ್ಚಿನ ಸುತ್ತ ಎಣ್ಣೆ ಜಿನುಗಿದೆಯೇ? ಇವುಗಳಿಗೆ ಯಾವ ಉಪಕರಣವೂ ಬೇಡ.

ಎರಡನೆಯದು ಹೋಲಿಕೆಯ ಪರೀಕ್ಷೆ. ಎಂಜಿನ್ ಬಿಸಿಯಾಗಲಿ. ಎಸಿ, ದೀಪ ಎಲ್ಲವನ್ನೂ ಆರಿಸಿ ಐಡ್ಲಿಂಗ್ ಸುತ್ತುಗಳನ್ನು ಗುರುತು ಮಾಡಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿದ್ದು ಕೈ ಬ್ರೇಕ್ ಹಾಕಿರಲಿ. ಈಗ ಸ್ಟಿಯರಿಂಗ್ ತಿರುಗಿಸಿ. ಸುತ್ತುಗಳು ಕ್ಷಣ ಕಾಲ ಇಳಿದು ತಾವಾಗಿ ಏರಿದರೆ ವ್ಯವಸ್ಥೆ ಸರಿಯಿದೆ. ಇಳಿದು ಹಾಗೆಯೇ ಉಳಿದರೆ ಮುಂದೆ ನೋಡಬೇಕು. ಚಕ್ರವನ್ನು ಕೊನೆಯ ಹಂತಕ್ಕೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ವಿಪರೀತ ಕಾಯ್ದು ಪಂಪು ಹಾಳಾಗುತ್ತದೆ.

ಬಳಿಕ ಸ್ಟಿಯರಿಂಗ್ ನೇರವಾಗಿಟ್ಟು ಎಸಿ ಹಾಕಿ. ಎಸಿಯೂ ಎಂಜಿನ್ನಿಗೆ ಹೊರೆಯೇ. ಅದಕ್ಕಾಗಿಯೂ ಇಸಿಯು ಐಡ್ಲಿಂಗನ್ನು ಎತ್ತಿಕೊಡಬೇಕು. ಬಹುಪಾಲು ಕಾರುಗಳಲ್ಲಿ ಎರಡೂ ಕೆಲಸಕ್ಕೆ ಒಂದೇ ಕವಾಟ. ಎಸಿ ಹಾಕಿದಾಗಲೂ ಎಂಜಿನ್ ಕುಗ್ಗಿದರೆ ಐಡ್ಲಿಂಗ್ ಕವಾಟದಲ್ಲಿ ಕಿಟ್ಟ ಕಟ್ಟಿರುವ ಸಂಭವ ಹೆಚ್ಚು. ಎಸಿಯ ಹೊರೆಯನ್ನು ತಾಳಿಕೊಂಡು ಸ್ಟಿಯರಿಂಗಿನ ಹೊರೆಗೆ ಮಾತ್ರ ಸೋತರೆ, ಕವಾಟ ಕೆಲಸ ಮಾಡುತ್ತಿದೆ, ಸುದ್ದಿ ಮುಟ್ಟುತ್ತಿಲ್ಲ ಎಂದು ಊಹಿಸಬಹುದು. ಪ್ರಯೋಗಶಾಲೆಯಲ್ಲಿ ಒಂದೊಂದೇ ಅಂಶವನ್ನು ಬದಲಿಸಿ ನೋಡುವ ಪದ್ಧತಿಯೇ ಇದು. ಕಾಸು ಖರ್ಚಿಲ್ಲದೆ ಅರ್ಧ ಸಮಸ್ಯೆ ಬಗೆಹರಿಯಿತು.

ಮೂರನೆಯದು ಮಲ್ಟಿಮೀಟರ್ ಪರೀಕ್ಷೆ. ಎಂಜಿನ್ ಆರಿಸಿ ಸ್ವಿಚ್ಚಿನ ಕಪ್ಲರನ್ನು ಬಿಡಿಸಿ. ಒಳಗೆ ಕಿಲುಬು ಹಿಡಿದಿದೆಯೇ, ಎಣ್ಣೆ ತುಂಬಿದೆಯೇ ನೋಡಿ. ಮೀಟರನ್ನು ಓಮ್‌ಗೆ ತಿರುಗಿಸಿ. ಸ್ವಿಚ್ಚಿಗೆ ಒಂದೇ ಕಡ್ಡಿ ಇದ್ದರೆ ಆ ಕಡ್ಡಿಗೂ ಎಂಜಿನ್ನಿನ ಲೋಹದ ಮೈಗೂ, ಎರಡು ಕಡ್ಡಿಗಳಿದ್ದರೆ ಅವೆರಡಕ್ಕೂ ಮೀಟರಿನ ತುದಿಗಳನ್ನು ತಾಗಿಸಿ. ಎಂಜಿನ್ ಚಾಲೂ ಮಾಡಿ, ಚಕ್ರ ನೇರವಿದ್ದಾಗ ಓಮ್ ಎಷ್ಟು ಎಂದು ಬರೆದುಕೊಳ್ಳಿ. ಜೊತೆಗಾರ ಚಕ್ರ ತಿರುಗಿಸಿದಾಗ ಮತ್ತೆ ನೋಡಿ. ಎಂಜಿನ್ ನಿಲ್ಲದಂತೆ ಅವರು ಆಕ್ಸಿಲರೇಟರನ್ನು ತುಸು ಒತ್ತಿರಲಿ. ಸಂಪರ್ಕ ಕೂಡಿದಾಗ ಓಮ್ ಬಹುತೇಕ ಸೊನ್ನೆ ಇರಬೇಕು, ಬಿಟ್ಟಾಗ ಅನಂತ ತೋರಿಸಬೇಕು. ಚಕ್ರ ತಿರುಗಿಸಿದರೂ ಮೀಟರ್ ಅಲುಗದಿದ್ದರೆ, ಜೊತೆಗೆ ಸ್ಟಿಯರಿಂಗ್ ಹಗುರವಾಗಿ ತಿರುಗುತ್ತಿದ್ದರೆ, ಒತ್ತಡವಿದೆ ಆದರೆ ಸ್ವಿಚ್ ಸತ್ತಿದೆ ಎಂದು ತಿಳಿಯಬಹುದು. ಕೂಡಿದ ಸ್ಥಿತಿಯಲ್ಲೂ ಹತ್ತಾರು ಓಮ್ ತೋರಿಸಿದರೆ ಒಳಗಿನ ಸಂಪರ್ಕ ಸವೆದಿದೆ. ಮೀಟರಿನ ತಂತಿಗಳು, ತೋಳಿನ ಬಟ್ಟೆ, ದುಪಟ್ಟಾ ಯಾವುದೂ ತಿರುಗುವ ಬೆಲ್ಟು, ಫ್ಯಾನುಗಳ ಹತ್ತಿರ ಸುಳಿಯಬಾರದು.

ಕೆಲವು ಸ್ವಿಚ್ಚುಗಳು ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಕೈಕೊಡುತ್ತವೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ಸರಿಯಿದ್ದ ಕಾರು ಮಧ್ಯಾಹ್ನ ಪೇಟೆಬೀದಿಯಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಪರೀಕ್ಷೆಯನ್ನು ಎಂಜಿನ್ ಕಾದ ಮೇಲೆಯೇ ಮಾಡಬೇಕು.

ನಾಲ್ಕನೆಯದು ತಂತಿಯ ಪರೀಕ್ಷೆ. ಸ್ವಿಚ್ ಸರಿಯಿದ್ದರೂ ದಾರಿಯಲ್ಲಿ ತಂತಿ ಕಡಿದಿರಬಹುದು, ಇಲಿ ಕಚ್ಚಿರಬಹುದು. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್ ಮಾಡಿ, ಕಪ್ಲರಿನಲ್ಲಿ ಇಸಿಯುದಿಂದ ಬರುವ ತಂತಿಯ ವೋಲ್ಟೇಜ್ ಅಳೆಯಿರಿ. ಮಾದರಿಗೆ ತಕ್ಕಂತೆ 5 ವೋಲ್ಟ್ ಅಥವಾ ಬ್ಯಾಟರಿಯ 12 ವೋಲ್ಟ್ ಸಿಗಬೇಕು. ಏನೂ ಸಿಗದಿದ್ದರೆ ಸ್ವಿಚ್ಚನ್ನು ದೂರಿ ಪ್ರಯೋಜನವಿಲ್ಲ, ತಂತಿಯನ್ನು ಹಿಂಬಾಲಿಸಬೇಕು. ವೋಲ್ಟೇಜ್ ಇದ್ದರೆ, ಮಾಮೂಲಿಯಾಗಿ ತೆರೆದಿರುವ ಜಾತಿಯಲ್ಲಿ ಎಂಜಿನ್ ಚಾಲೂ ಮಾಡಿ ಆ ತಂತಿಯನ್ನು ಒಂದು ತುಂಡು ವೈರಿನಿಂದ ಆರ್ಥ್‌ಗೆ ಮುಟ್ಟಿಸಿ ಸ್ವಿಚ್ಚಿನ ಕೆಲಸವನ್ನು ಕೈಯಿಂದಲೇ ಮಾಡಿ ನೋಡಬಹುದು. ಐಡ್ಲಿಂಗ್ ಏರಿದರೆ ತಂತಿ, ಇಸಿಯು, ಕವಾಟ ಮೂರೂ ನಿರಪರಾಧಿಗಳು. ವೈರಿಂಗ್ ನಕ್ಷೆಯಲ್ಲಿ ತಂತಿಯ ಬಣ್ಣ ಖಚಿತವಾದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು. ಇಸಿಯು ತಂತಿಯನ್ನು ಬ್ಯಾಟರಿಯ ಪ್ಲಸ್‌ಗೆ ಎಂದೂ ಮುಟ್ಟಿಸಬಾರದು. ಮುಟ್ಟಿಸಿದರೆ ಇಸಿಯು ಸುಟ್ಟುಹೋಗಬಹುದು, ಅದರ ಬೆಲೆಯ ಮುಂದೆ ಸ್ವಿಚ್ಚಿನ ಬೆಲೆ ಏನೇನೂ ಅಲ್ಲ.

ಸ್ಕ್ಯಾನರ್ ಹೇಳುವುದೇ ವೇದವಲ್ಲ

ಈಗ ಅನೇಕ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಬಂದಿದೆ. ನಮ್ಮಲ್ಲಿ 2010ರಿಂದ ಹಂತ ಹಂತವಾಗಿ ಕಾರುಗಳಲ್ಲಿ ಸ್ವಯಂ ರೋಗಪತ್ತೆ ವ್ಯವಸ್ಥೆ ಕಡ್ಡಾಯವಾಯಿತು. ಪವರ್ ಸ್ಟಿಯರಿಂಗ್ ಒತ್ತಡದ ದೋಷಗಳಿಗೆ ಪಿ 0550ರಿಂದ ಪಿ 0554ರವರೆಗಿನ ಸಂಕೇತಗಳನ್ನು ಮೀಸಲಿಟ್ಟಿದ್ದಾರೆ. ಪಿ 0550 ಬಂದರೆ ಸ್ವಿಚ್ ಅಥವಾ ಒತ್ತಡ ಸಂವೇದಕದ ಮಂಡಲದಲ್ಲಿ ದೋಷವಿದೆ ಎಂದರ್ಥ. ಮಂಡಲವೆಂದರೆ ಸ್ವಿಚ್ಚು, ಕಪ್ಲರು, ತಂತಿ, ಇಸಿಯು ಎಲ್ಲವೂ ಸೇರಿತು. ಸಂಕೇತ ನೋಡಿದೊಡನೆ ಹೊಸ ಸ್ವಿಚ್ ತರಿಸುವುದೆಂದರೆ ಜ್ವರವಿದೆ ಎಂದು ಥರ್ಮಾಮೀಟರ್ ಹೇಳಿದೊಡನೆ ಕಾರಣ ನೋಡದೆ ಔಷಧಿ ಕೊಟ್ಟಂತೆ. ಸ್ಕ್ಯಾನರ್ ಬೀದಿಯ ಹೆಸರು ಹೇಳುತ್ತದೆ, ಮನೆ ಹುಡುಕುವ ಕೆಲಸ ಮೆಕ್ಯಾನಿಕ್‌ನದು.

ಸೋರುವ ಸ್ವಿಚ್ಚನ್ನು ತಡಮಾಡಬೇಡಿ

ಸ್ವಿಚ್ಚಿನ ಒಳಪೊರೆ ಹರಿದರೆ ಎಣ್ಣೆ ಕಡ್ಡಿಗಳ ಬುಡದಿಂದ ಕಪ್ಲರಿಗೆ ನುಗ್ಗುತ್ತದೆ. ಅಲ್ಲಿಂದ ತಂತಿಯ ಎಳೆಗಳ ಸಂದಿನಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮುಂದೆ ಸಾಗಬಲ್ಲದು. ಹೊರಗೆ ಜಿನುಗಿದ ಎಣ್ಣೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಕೆಲಸ ಮಾಡದ ಸ್ವಿಚ್ಚಿಗಿಂತ ಸೋರುವ ಸ್ವಿಚ್ ಹೆಚ್ಚು ಅಪಾಯಕಾರಿ.

ಹೊಸದನ್ನು ಹಾಕುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹಳೆಯ ಸ್ವಿಚ್ಚಿನ ಜಾತಿಗೂ ಒತ್ತಡದ ಮಟ್ಟಕ್ಕೂ ಹೊಂದುವ ಸ್ವಿಚ್ಚನ್ನೇ ಹಾಕಬೇಕು. ಅದರೊಂದಿಗೆ ಹೊಸ ವಾಷರ್ ಬೇಕು. ಅತಿಯಾಗಿ ಬಿಗಿದರೆ ಪಂಪಿನ ಅಲ್ಯೂಮಿನಿಯಂ ಮೈಯಲ್ಲಿ ಮರೆ ಕಿತ್ತುಹೋಗುತ್ತದೆ. ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಿ, ಮುಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಎಡಕ್ಕೂ ಬಲಕ್ಕೂ ಹಲವು ಬಾರಿ ನಿಧಾನವಾಗಿ ತಿರುಗಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ತೆಗೆದ ಎಣ್ಣೆಯನ್ನು ಚರಂಡಿಗೋ ಹೊಲದ ಬದಿಗೋ ಸುರಿಯಬಾರದು.

ಪಾಲಕರಿಗೆ ಒಂದು ಮಾತು

ಇತ್ತೀಚಿನ ಬಹುಪಾಲು ಚಿಕ್ಕ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರಿನಿಂದ ನಡೆಯುವ ಸ್ಟಿಯರಿಂಗ್ ಇದೆ. ಸುಜುಕಿ ಕಂಪನಿ 1988ರಲ್ಲಿ ಜಪಾನಿನ ಸರ್ವೊ ಕಾರಿನಲ್ಲಿ ಅದನ್ನು ಮೊದಲು ತಂದಿತು. ಅವುಗಳಲ್ಲಿ ಈ ಸ್ವಿಚ್ ಇರುವುದೇ ಇಲ್ಲ. ಆದರೆ ಹತ್ತು ಹದಿನೈದು ವರ್ಷ ಹಳೆಯ ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವ ಕುಟುಂಬಗಳು ಹಾಸನ ಸೀಮೆಯಲ್ಲೂ ಕಡಿಮೆಯೇನಿಲ್ಲ. ಕೊಳ್ಳುವ ಮೊದಲು ಎಂಜಿನ್ ಬಿಸಿ ಮಾಡಿ, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿ, ಎಸಿ ಹಾಕಿ ನೋಡಿ. ರಿಪೇರಿಗೆ ಬಿಟ್ಟಾಗ ‘ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು?’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಪಡದೆ ಮೀಟರ್ ಹಿಡಿದು ತೋರಿಸುತ್ತಾರೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಅದು ಮಕ್ಕಳಿಗೆ ಒಳ್ಳೆಯ ಪಾಠೋಪಕರಣವೂ ಹೌದು.

ವಿದ್ಯಾರ್ಥಿಗಳು ಕಾರಿನ ಬಾನೆಟ್ ಎತ್ತುವ ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಸೂಜಿ ಇಲ್ಲದ ಒಂದು ಚಿಕ್ಕ, ಒಂದು ದೊಡ್ಡ ಸಿರಿಂಜ್ ತೆಗೆದುಕೊಂಡು ನಡುವೆ ಪ್ಲಾಸ್ಟಿಕ್ ಕೊಳವೆ ಜೋಡಿಸಿ ನೀರು ತುಂಬಿ. ಚಿಕ್ಕದನ್ನು ಒತ್ತಿದರೆ ದೊಡ್ಡದು ಹೆಚ್ಚು ತೂಕ ಎತ್ತುತ್ತದೆ, ಆದರೆ ಕಡಿಮೆ ದೂರ ಚಲಿಸುತ್ತದೆ. ಪಾಸ್ಕಲನ ನಿಯಮ, ಶಕ್ತಿ ಸಂರಕ್ಷಣೆ ಎರಡೂ ಅಂಗೈಯಲ್ಲಿ ಸಿಕ್ಕಂತಾಯಿತು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ತರಬೇತಿ ಇದೆ. ಅಂಕ ಕಡಿಮೆ ಬಂದವರ ಪಾಲಿಗೆ ಉಳಿದ ದಾರಿ ಅದು ಎಂದು ಅನೇಕ ಪಾಲಕರು ತಿಳಿದಿದ್ದಾರೆ. ಇಂದಿನ ಕಾರಿನಲ್ಲಿ ಎಣ್ಣೆಯ ಒತ್ತಡ, ವಿದ್ಯುತ್ ಮಂಡಲ, ಕಂಪ್ಯೂಟರ್ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಅಲ್ಲಿ ದೋಷ ಹುಡುಕಲು ಸ್ಪ್ಯಾನರ್ ಹಿಡಿಯುವ ಕೈಯಷ್ಟೇ ಮುಖ್ಯವಾಗಿ ಭೌತಶಾಸ್ತ್ರ ಬಲ್ಲ ತಲೆಯೂ ಬೇಕು. ‘ಇದು ಕೆಟ್ಟಿರಬಹುದು’ ಎನ್ನುವುದಕ್ಕೂ ‘ಇದೇ ಕೆಟ್ಟಿದೆ, ಮೀಟರಿನಲ್ಲಿ ನೋಡಿ’ ಎನ್ನುವುದಕ್ಕೂ ಇರುವ ಅಂತರವನ್ನು ಕಲಿತ ಹುಡುಗನಿಗಾಗಲಿ, ಹುಡುಗಿಗಾಗಲಿ ಗ್ಯಾರೇಜಿನಲ್ಲಿ ಕೆಲಸಕ್ಕೂ ಗೌರವಕ್ಕೂ ಕೊರತೆಯಾಗದು.